ಹಿಂದಿನ ಕಿಟಕಿಯ ಕಾಡಿಗೆ

ರತ್ನಾವತಿಯ ಉಬ್ಬಸಕ್ಕೂ ತಿಥಿ ಇದೆ ಎಂದು ಮೊದಲು ಹೇಳಿದವರು ಆಕೆಯ ಗಂಡ ವಿಷ್ಣುಮೂರ್ತಿ ಭಟ್ಟರೇ. ಹೇಳಿದ್ದು ತಮಾಷೆಗೆ. ಅದು ದ್ವಾದಶಿಯ ಬೆಳಿಗ್ಗೆ, ಗಂಟೆ ಇನ್ನೂ ಆರೂವರೆ ಆಗಿರಲಿಲ್ಲ. ಹಿಂದಿನ ದಿನದ ಉಪವಾಸ ಮುರಿಯಲು ಹೋಟೆಲಿನ ಒಳಕೋಣೆಯಲ್ಲಿ ಕುಳಿತಿದ್ದ ಏಳೆಂಟು ಮಂದಿಗೆ ಭಟ್ಟರು ಅಗಸೆ ಸೊಪ್ಪಿನ ಪಲ್ಯ ಬಡಿಸುತ್ತಿದ್ದರು.

“ಬೇರೆಯವರ ಕಾಯಿಲೆ ಹೇಳದೆ ಕೇಳದೆ ಬರ್ತದೆ. ನಮ್ಮವಳದ್ದು ಹಾಗಲ್ಲ ರಾಯ್ರೆ, ಪಂಚಾಂಗ ನೋಡಿಯೇ ಬರುದು. ದಶಮಿಗೆ ಇಲ್ಲ, ದ್ವಾದಶಿಗೆ ಇಲ್ಲ. ಏಕಾದಶಿ ಮಧ್ಯಾಹ್ನ ತಿರುಗಿತೋ, ಶುರು.”

ಕುಳಿತವರು ನಕ್ಕರು. ಕಮಲಾಕರ ರಾಯರೂ ನಕ್ಕರು. ನಗುವಾಗ ಬಾಯಲ್ಲಿ ನೆಲ್ಲಿಕಾಯಿ ಚಟ್ನಿ ಇತ್ತು, ನೆತ್ತಿಗೆ ಹತ್ತಿತು. ಭಟ್ಟರೇ ನೀರು ಕೊಟ್ಟು ಬೆನ್ನು ತಟ್ಟಿದರು. ಆ ನಗು ರಾಯರಿಗೆ ಮುಂದೆ ಬಹಳ ದಿನ ನೆನಪಿಗೆ ಬರುತ್ತಿತ್ತು.

ಹೋಟೆಲು ಅಣ್ಣಾ ನಗರದ ಅಂಚಿನಲ್ಲಿ, ಕೋಯಂಬೇಡಿನ ಮಾರುಕಟ್ಟೆಗೆ ಹೋಗುವ ಕಡೆ ಇತ್ತು. ಕೆಳಗೆ ಹದಿನಾರು ಮೇಜು, ಮೇಲೆ ಗಂಡ ಹೆಂಡತಿಯ ಮನೆ. ಉಡುಪಿ ಕಡೆಯಿಂದ ಈ ತಮಿಳು ಊರಿಗೆ ಬಂದು ಇಪ್ಪತ್ತೈದು ವರ್ಷ ಅದೇ ಒಲೆಯ ಮುಂದೆ ನಿಂತವರು. ಹೋದ ವರ್ಷ ಪಕ್ಕಕ್ಕೂ ಹಿಂದಕ್ಕೂ ಇದ್ದ ಖಾಲಿ ಜಾಗಕ್ಕೆ ನೀಲಿ ತಗಡಿನ ಬೇಲಿ ಬಂತು. ಹದಿನಾಲ್ಕು ಅಂತಸ್ತಿನ ಕಟ್ಟಡವಂತೆ, ಕಾರು ನಿಲ್ಲಿಸಲು ನೆಲದ ಕೆಳಗೇ ಮೂರು ಅಂತಸ್ತಂತೆ. ಬೇಲಿಯ ಒಳಗೆ ಮಣ್ಣು ಅಗೆಯುವ ಯಂತ್ರ ಎರಡು, ನೆಲ ಕೊರೆಯುವ ರಿಗ್ಗು ಒಂದು, ಲಾರಿಯಷ್ಟು ದೊಡ್ಡ ಜನರೇಟರ್ ಒಂದು ಬಂದು ನಿಂತವು. ನಾಲ್ಕೂ ಡೀಸೆಲಿನವು. ಬೀದಿಯವರು ಹೊಗೆ ಹೊಗೆ ಎಂದು ದೂರು ಕೊಟ್ಟರು. ಕೊನೆಗೆ ನಾಲ್ಕು ಯಂತ್ರದ ಸೈಲೆನ್ಸರಿಗೂ ಹೊಗೆ ಸೋಸುವ ಫಿಲ್ಟರ್ ಹಾಕಿಸುವುದು, ಅದು ಸರಿಯಾಗಿ ಸೋಸುತ್ತದೋ ಇಲ್ಲವೋ ಎಂದು ಹೊರಗಿನವರೊಬ್ಬರು ದಿನವೂ ಅಳೆದು ನೋಡುವುದು ಎಂದು ತೀರ್ಮಾನವಾಯಿತು. ಹಾಗೆ ಅಳೆಯಲು ಬಂದವರು ಕಮಲಾಕರ ರಾಯರು.

ರಾಯರಿಗೆ ಐವತ್ತೆಂಟು ವರ್ಷ. ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ಇರುವ ಮಾಧ್ವರ ಮನೆ. ಮೂವತ್ತು ವರ್ಷದಿಂದ ಒಂದು ಪರೀಕ್ಷಾ ಲ್ಯಾಬಿನಲ್ಲಿ ಹೊಗೆ ಅಳೆಯುವುದೇ ಅವರ ಕೆಲಸ. ಅವರು ಅಳೆಯುವುದನ್ನು ನೋಡುವುದೇ ಒಂದು ಚೆಂದವಾಗಿತ್ತು. ಯಂತ್ರ ಭಾರ ಎತ್ತಿ ಮುಲುಕುವಾಗ ಸೈಲೆನ್ಸರಿನ ಬಾಯಿಗೆ ಉದ್ದದ ಕೊಳವೆ ತೂರಿಸುವರು. ಆ ಹೊಗೆ ಕೈಪೆಟ್ಟಿಗೆಯೊಳಗೆ ಇಟ್ಟ ಬಿಳಿ ಕಾಗದದ ಮೂಲಕ ಹಾದುಹೋಗಬೇಕು. ಕಾಗದದ ಮೇಲೆ ರೂಪಾಯಿ ಅಗಲದ ಬೊಟ್ಟು ಬೀಳುತ್ತದೆ. ಬೊಟ್ಟು ಎಷ್ಟು ಕಪ್ಪೋ ಹೊಗೆಯಲ್ಲಿ ಅಷ್ಟು ಮಸಿ. ಅಚ್ಚ ಬಿಳಿಯಾದರೆ ಸೊನ್ನೆ, ಕಾಡಿಗೆಯಂತಾದರೆ ಹತ್ತು. ಆ ಬೊಟ್ಟುಗಳನ್ನು ಕತ್ತರಿಸಿ, ದಪ್ಪ ಪುಸ್ತಕದಲ್ಲಿ ದಿನಕ್ಕೊಂದು ಚೌಕ ಎಳೆದು, ಚೌಕಕ್ಕೆ ನಾಲ್ಕರಂತೆ ಅಂಟಿಸಿ ತಾರೀಖು ಬರೆಯುವರು. ಲ್ಯಾಬಿನಲ್ಲಿ ಈಗ ಇದನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಾರೆ. ರಾಯರು ಅಲ್ಲಿಗೂ ಹಾಕುವರು, ಪುಸ್ತಕಕ್ಕೂ ಅಂಟಿಸುವರು. ಫಿಲ್ಟರ್ ಹಾಕಿದ ಮೇಲೆ ಯಾವ ಬೊಟ್ಟೂ ಒಂದನ್ನು ದಾಟಿರಲಿಲ್ಲ. ಹಾಲಿಗೆ ಒಂದು ತೊಟ್ಟು ಡಿಕಾಕ್ಷನ್ ಬಿದ್ದ ಹಾಗೆ, ಅಷ್ಟೇ ಬಣ್ಣ.

ಬಂದ ಮೊದಲ ವಾರವೇ ರತ್ನಾವತಿ ಕಾಫಿ ಲೋಟವನ್ನು ಅವರ ಮುಂದಿಟ್ಟು ಕೇಳಿದ್ದಳು.

“ರಾಯ್ರೆ, ನಂಗೆ ಮೊದಲಿಂದಲೂ ಸ್ವಲ್ಪ ದಮ್ಮಿನ ತೊಂದರೆ ಉಂಟು. ಈ ಹೊಗೆಯಲ್ಲಿ ಇಲ್ಲಿ ಇರ್ಲಿಕ್ಕೆ ಆಗ್ತದಾ ನಾನು? ಡಾಕ್ಟ್ರು ಹೆದರಿಸಿದ್ದಾರೆ. ಪದೇ ಪದೇ ಎದೆ ಕಟ್ಟಿದರೆ ಆಮೇಲೆ ಹೊಗೆ ಇಲ್ಲದಿದ್ರೂ ಅದು ಬಿಡುದಿಲ್ಲ ಅಂತ.”

“ನಾನು ಇಲ್ಲಿರೋವರೆಗೂ ಆ ತಗಡಿನಿಂದ ಈಚೆಗೆ ಹೊಗೆ ಬರಲ್ಲಮ್ಮ. ಕಂಡಿಪ್ಪಾ,” ಎಂದಿದ್ದರು ರಾಯರು. ಖಂಡಿತ ಎನ್ನಬೇಕಾದಲ್ಲಿ ಅವರ ಬಾಯಿಗೆ ತಮಿಳಿನ ಮಾತೇ ಬರುವುದು.

ರತ್ನಾವತಿ ಆ ಮಾತನ್ನು ನಂಬಿದಳು. ನಂಬಲು ಇನ್ನೊಂದು ಕಾರಣವೂ ಇತ್ತು. ರಾಯರು ಏಕಾದಶಿ ಮಾಡುವವರು, ನೀರನ್ನೂ ಮುಟ್ಟದೆ. ಎಂಟನೆಯ ವಯಸ್ಸಿಗೆ ಉಪನಯನವಾದಂದಿನಿಂದ ಒಂದೂ ಬಿಟ್ಟವರಲ್ಲ. ಒಮ್ಮೆ ಉಪವಾಸದಲ್ಲಿ ಬಿಸಿಲಿಗೆ ನಿಂತು ಕೊಳವೆ ಹಿಡಿದೇ ತಲೆತಿರುಗಿ ಬಿದ್ದ ಮೇಲೆ, ಲ್ಯಾಬಿನವರೇ ಆ ದಿನಕ್ಕೆ ರಜೆ ಹಾಕಿಕೊಳ್ಳಿ ಎಂದಿದ್ದರು. ರತ್ನಾವತಿಯೂ ಏಕಾದಶಿಯವಳೇ. ಅತ್ತೆ ಸಾಯುವ ಮುಂಚೆ ಹೇಳಿದ್ದಳಂತೆ: ನಾವು ದಿನಾ ಊರಿಗೆಲ್ಲ ಅನ್ನ ಹಾಕುವವರು, ಹದಿನೈದು ದಿನಕ್ಕೊಂದು ದಿನ ನಮಗೆ ಅದು ಬೇಡ. ಹಸಿದವಳು ಒಲೆಯ ಹತ್ತಿರ ನಿಲ್ಲಬಾರದೆಂದೂ ಅತ್ತೆಯ ಕಟ್ಟಳೆ ಇತ್ತು. ಹಾಗಾಗಿ ಆ ಒಂದು ದಿನ ಮಾತ್ರ ರತ್ನಾವತಿ ಅಡುಗೆಮನೆಗೆ ಇಳಿಯದೆ ಮೇಲೆ ಹಿಂದಿನ ಕೋಣೆಯಲ್ಲಿ ಕಿಟಕಿ ತೆರೆದು ಅದರ ಬೆಳಕಿಗೆ ಮಣೆ ಹಾಕಿ ಜಪಕ್ಕೆ ಕೂರುವಳು. ಮುಂದಿನ ಕೋಣೆಯಲ್ಲಿ ರಸ್ತೆಯ ಗದ್ದಲ.

ಬೇಲಿಯ ಒಳಗಿನ ಕೆಲಸ ನೋಡಿಕೊಳ್ಳುತ್ತಿದ್ದವನು ಗಿರಿಧರ್. ಹೊಸೂರಿನ ಕಡೆಯ ಹುಡುಗ, ರಾಯರೊಡನೆ ಕನ್ನಡದಲ್ಲೇ ಮಾತು. ಅವನು ಶುರುವಿನಲ್ಲೇ ಒಂದು ತೊಡಕು ಹೇಳಿದ್ದ. ಫಿಲ್ಟರಿನೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು. ಮಸಿ ಅಲ್ಲೇ ಕೂತು ಎರಡು ವಾರಕ್ಕೆ ಕಟ್ಟಿಕೊಳ್ಳುತ್ತದೆ. ಆಗ ಬಿಚ್ಚಿ ತೆಗೆದು ಚೊಕ್ಕ ಮಾಡಬೇಕು. ಆ ದಿನ ಯಂತ್ರ ನಿಲ್ಲುತ್ತದೆ, ರಾಯರ ಅಳತೆ ತಪ್ಪುತ್ತದೆ. ಏನು ಮಾಡುವುದು?

“ನಾನು ಹದಿನೈದು ದಿನಕ್ಕೊಂದು ದಿನ ಬರಲ್ಲಪ್ಪ, ಏಕಾದಶಿಗೆ. ಅವತ್ತೇ ಮಾಡ್ಕೊಂಬಿಡಿ. ನಿಮ್ಮದೂ ಆಯ್ತು, ನಂದೂ ಆಯ್ತು,” ಎಂದಿದ್ದರು ರಾಯರು. ಹೇಳಿ, ಎರಡೂ ಎಷ್ಟು ಸರಿಯಾಗಿ ಕೂಡಿ ಬಂತು ಎಂದು ಖುಷಿಯೂ ಪಟ್ಟಿದ್ದರು. ಫಿಲ್ಟರ್ ಚೊಕ್ಕ ಮಾಡುವ ವರ್ಕ್‌ಶಾಪು ಮಣಲಿಯ ಕಡೆ ಇತ್ತು. ಅಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು ಮಸಿ ಹೀರಿ ತೆಗೆಯುತ್ತಾರೆ. ಮೊದಲ ಸಲ ರಾಯರೇ ಹೋಗಿ ಅದನ್ನು ಕಣ್ಣಾರೆ ನೋಡಿದ್ದರು, ಮುಂದೆಯೂ ಹಾಗೇ ಎಂದುಕೊಂಡಿದ್ದರು. ಅಂದಿನಿಂದ ಗಿರಿಧರ್ ಪ್ರತಿ ದ್ವಾದಶಿಗೂ ಭಕ್ತಿಯಿಂದ, “ಪಾರಣೆ ಆಯ್ತಾ ಸಾರ್? ಮುಂದಿನ ಏಕಾದಶಿ ಯಾವತ್ತು ಸಾರ್?” ಎಂದು ಕೇಳಿ, ಕ್ಯಾಬಿನ್ನಿನ ಕ್ಯಾಲೆಂಡರಿನಲ್ಲಿ ಹಸಿರು ಪೆನ್ನಿನಿಂದ ಸುತ್ತು ಹಾಕುತ್ತಿದ್ದ.

ಉಬ್ಬಸ ತಮಾಷೆಯಾಗಿ ಉಳಿಯಲಿಲ್ಲ. ಒಂದು ಏಕಾದಶಿಗೆ ಎದೆ ಕಟ್ಟಿದ್ದು ಸಂಜೆಗೆ ಬಿಟ್ಟರೆ, ಮುಂದಿನದಕ್ಕೆ ಮರುದಿನ ಬೆಳಗಾದರೂ ಬಿಡಲಿಲ್ಲ. ಡಾಕ್ಟರು ವಿಚಾರಿಸಿ, ಆ ದಿನ ಉಪವಾಸವೆಂದು ತಿಳಿದು, ಇನ್ನೇನು ಬೇಕು ಎಂಬಂತೆ ಚೀಟಿಯ ಮೇಲೆ ಗೆರೆ ಎಳೆದು ಬರೆದರು: ಊಟ ಬಿಡಬಾರದು. ಭಟ್ಟರು ಹೆಂಡತಿಯನ್ನು ಬೈಯತೊಡಗಿದರು.

“ಹೊಟ್ಟೆಯಲ್ಲಿ ಎಂತದೂ ಇಲ್ಲದೆ ಕೂತರೆ ದಮ್ಮು ಎಲ್ಲಿಂದ ಬರ್ಬೇಕು ನಿಂಗೆ? ಪುಣ್ಯ ಮಾಡ್ಲಿಕ್ಕೂ ಜೀವ ಇರ್ಬೇಕಲ್ವಾ?”

“ಮೊನ್ನೆ ಭಾನುವಾರದ ಏಕಾದಶಿಗೆ ಬರಲೇ ಇಲ್ವಲ್ಲ,” ಎನ್ನುವಳು ರತ್ನಾವತಿ.

“ದೇವರಿಗೂ ಭಾನುವಾರ ರಜೆ. ಅದ್ಕೇ ಬಿಟ್ಟ.”

ಅದರ ಮುಂದಿನ ಏಕಾದಶಿಗೆ ಎರಡರಷ್ಟು ಬಂತು. ಭಾನುವಾರ ಬೇಲಿಯ ಒಳಗೆ ಕೆಲಸವಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅದನ್ನೂ ಇದನ್ನೂ ಯಾರೂ ಕೂಡಿಸಿ ನೋಡಲಿಲ್ಲ.

ಒಂದು ದಿನ ರತ್ನಾವತಿ ರಾಯರಿಗೆ ಬಲಗೈ ಬೆರಳು ತೋರಿಸಿದಳು. ತುದಿ ಕಪ್ಪಾಗಿತ್ತು.

“ಹಿಂದಿನ ಕಿಟಕಿ ಒರೆಸಿದ್ದು. ಕಣ್ಣಿಗೆ ಹಚ್ಚುವ ಕಾಡಿಗೆಯ ಹಾಗೆ ಕೂತ್ಕೊಳ್ತದೆ. ಎಂತದು ರಾಯ್ರೆ ಇದು?”

ರಾಯರಿಗೆ ಆಗ ದೋಸೆ ಬಂದಿತ್ತು. ದೂರದಿಂದಲೇ ನೋಡಿ ಹೇಳಿದರು. “ರೋಡ್ ಧೂಳಿ ಅಮ್ಮ. ಕೋಯಂಬೇಡಿಗೆ ಎಷ್ಟು ಲಾರಿ ಹೋಗತ್ತೆ ದಿನಕ್ಕೆ! ಇಲ್ಲಾಂದ್ರೆ ನಿಮ್ಮ ಅಡುಗೆಮನೆ ಚಿಮಣಿದು. ನಮ್ಮ ಸೈಟಿನ ಹೊಗೆಯಾದ್ರೆ ಇದರಲ್ಲಿ ತೆರಿಯತ್ತೆ, ಗೊತ್ತಾಗತ್ತೆ.” ಪುಸ್ತಕ ತೆರೆದು ತೋರಿಸಿದರು. ಸಾಲು ಸಾಲು ಬಿಳಿ ಬೊಟ್ಟು. ಅವಳು ಬಗ್ಗಿ ನೋಡಿ, ಹೌದೆಂದು ತಲೆಯಾಡಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮರುವಾರ ಭಟ್ಟರು ಚಿಮಣಿ ಬದಲಾಯಿಸಿದರು.

ಏನು ಹೇಳಿದರೂ ಉಪವಾಸ ಬಿಡಲೊಲ್ಲದವಳಿಗೆ ಬುದ್ಧಿ ಹೇಳಲು ಭಟ್ಟರು ರಾಯರನ್ನೇ ಹಿಡಿದರು. “ನಮ್ಮ ಮಾತು ಅವಳಿಗೆ ಹಳಸಿದ್ದು. ನಿಮ್ಮದಾದರೆ ಕೇಳ್ತಾಳೆ. ನೀವು ಹೇಳಿದರೆ ಶಾಸ್ತ್ರ.”

ರಾಯರು ಹೇಳಿದರು. ಕಾಯಿಲೆಯವರಿಗೆ, ಮುದುಕರಿಗೆ, ಮಕ್ಕಳಿಗೆ ಕಟ್ಟಳೆ ಇಲ್ಲವೆಂದು ದೊಡ್ಡವರೇ ಬಿಟ್ಟುಕೊಟ್ಟಿದ್ದಾರೆ ಎಂದರು. ಬಿಡುವುದೂ ಒಂದು ವ್ರತ ಎಂದುಕೊಳ್ಳಿ ಎಂದರು. ರತ್ನಾವತಿ ಕೈಯಲ್ಲಿದ್ದ ಬಟ್ಟೆಯ ತುದಿಯನ್ನು ಮಡಚುತ್ತ ಬಿಚ್ಚುತ್ತ ಕೇಳಿಸಿಕೊಂಡಳು.

“ಹೊಗೆಯಿಂದ ಅಲ್ಲ ಅಂತ ನಿಮ್ಗೆ ಖಂಡಿತವಾಗಿ ಗೊತ್ತುಂಟಲ್ವಾ?”

“ಆಮಾ ಅಮ್ಮ, ಹೌದು. ಆರು ತಿಂಗಳ ಲೆಕ್ಕ ನನ್ನ ಕೈಯಲ್ಲಿದೆ.”

“ಹಾಗಾದ್ರೆ ಬಿಡ್ತೇನೆ,” ಎಂದಳು. ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಭಟ್ಟರು ರಾಯರಿಗೆ ಆ ದಿನದ ಕಾಫಿಯನ್ನು ತಾವೇ ಎರಡು ಸಲ ಬೆರೆಸಿ ಕೊಟ್ಟರು.

ಮುಂದಿನ ಏಕಾದಶಿ ಬುಧವಾರ ಬಂತು. ಭಟ್ಟರು ಹೆಂಡತಿಗೆ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಮಾವಿನ ಉಪ್ಪಿನಕಾಯಿ ಮಾಡಿಕೊಟ್ಟು ಎದುರೇ ಕುಳಿತು ಉಣ್ಣಿಸಿದರು. ಮೂವತ್ತು ವರ್ಷದಲ್ಲಿ ಆ ತಿಥಿಗೆ ಮೊದಲನೆಯ ತುತ್ತು. ಔಷಧಿ ನುಂಗಿದ ಹಾಗೆ ನುಂಗಿದಳಂತೆ. ಉಂಡ ಮೇಲೆ, ಇವತ್ತು ಕೆಲಸ ಬೇಡ ಮೇಲೆ ಹೋಗಿ ಮಲಗು ಎಂದು ಭಟ್ಟರೇ ಕಳಿಸಿದರು. ಮಲಗಲು ಮನಸ್ಸಾಗದೆ ಅವಳು ಅದೇ ಹಿಂದಿನ ಕಿಟಕಿಯ ಹತ್ತಿರ ಅದೇ ಮಣೆಯ ಮೇಲೆ ಹೋಗಿ ಕುಳಿತಳು. ಜಪಸರ ಮುಟ್ಟಲಿಲ್ಲ. ನಾಲ್ಕು ಗಂಟೆಗೆ ಏನೋ ಬಿದ್ದ ಸದ್ದಾಗಿ ಭಟ್ಟರು ಹತ್ತಿ ನೋಡಿದರೆ ಅವಳು ಗೋಡೆಗೆ ಹಣೆ ಒತ್ತಿಕೊಂಡು ಗಾಳಿಗಾಗಿ ಬಾಯಿ ತೆರೆಯುತ್ತಿದ್ದಳು. ತುಟಿ ನೀಲಿಯಾಗಿತ್ತು.

ಇದನ್ನೆಲ್ಲ ರಾಯರು ಕೇಳಿದ್ದು ದ್ವಾದಶಿಯ ಬೆಳಿಗ್ಗೆ. ಒಳಕೋಣೆಯಲ್ಲಿ ಎಲೆ ಹಾಕಿರಲಿಲ್ಲ. ಭಟ್ಟರು ಮೆಟ್ಟಿಲ ಮೇಲೆ ಕುಳಿತಿದ್ದರು.

“ಆಸ್ಪತ್ರೆಯಿಂದ ಈಗ ಕರ್ಕೊಂಡು ಬಂದೆ. ಪಾರಣೆಗೆ ಎಂತದೂ ಮಾಡಿಲ್ಲ ರಾಯ್ರೆ, ಬೇಜಾರು ಮಾಡ್ಬೇಡಿ. ಉಂಡರೂ ಬಂತು. ಉಪವಾಸದ್ದಲ್ಲ ಅದು. ಮತ್ತೆ ಎಂತದ್ದು, ನೀವೇ ಹೇಳಿ.”

ರಾಯರು ಮೊದಲ ಸಲ ಆ ಮೆಟ್ಟಿಲು ಹತ್ತಿದರು. ರತ್ನಾವತಿ ಮೂರು ದಿಂಬಿಗೆ ಒರಗಿ ಅರ್ಧ ಕುಳಿತಿದ್ದಳು. ಎದ್ದೇಳಲು ನೋಡಿ, ಆಗದೆ, ಕೈಯಿಂದಲೇ ಬನ್ನಿ ಎಂದಳು. ಕೂರಲು ಜಾಗವೆಂದರೆ ಕಿಟಕಿಯ ಬಳಿಯ ಮಣೆ ಒಂದೇ. ರಾಯರು ಅದರ ಮೇಲೆ ಕುಳಿತರು. ಪಕ್ಕದಲ್ಲಿ ಸ್ತೋತ್ರದ ಪುಸ್ತಕ ಇತ್ತು. ಏಕಾದಶಿಗೆ ಓದುವ ಆ ಎರಡು ಪುಟ ಮಾತ್ರ ಬೂದಿ ಬಣ್ಣಕ್ಕೆ ತಿರುಗಿದ್ದವು.

ಅವರ ಕೈ ತಾನಾಗಿ ಕಿಟಕಿಯ ಕಟ್ಟೆಗೆ ಹೋಯಿತು. ಬೆರಳಿನಲ್ಲಿ ಎಳೆದು ಹೆಬ್ಬೆರಳಿಗೆ ತಿಕ್ಕಿ ನೋಡಿದರು. ರಸ್ತೆಯ ಧೂಳು ಬೆರಳಿಗೆ ಮರಳಿನ ಹಾಗೆ ಒರಟಾಗಿ ಸಿಗುತ್ತದೆ. ಅಡುಗೆಮನೆಯ ಕರಿಗೆ ಎಣ್ಣೆಯ ಜಿಡ್ಡು ಇರುತ್ತದೆ. ಇದಕ್ಕೆ ಎರಡೂ ಇರಲಿಲ್ಲ. ಭಾರವೇ ಇಲ್ಲದ ಹಾಗೆ ಮೆತ್ತಗೆ, ತಿಕ್ಕಿದಷ್ಟೂ ಬೆರಳಿನ ಗೆರೆಗಳೊಳಗೆ ಇಳಿಯುವಂಥದ್ದು. ಮೂವತ್ತು ವರ್ಷದಿಂದ ಅವರ ಉಗುರಿನ ಸಂದಿಯಲ್ಲಿ ಇರುವಂಥದ್ದೇ. ದೋಸೆಯ ಮುಂದೆ ಕುಳಿತ ಆ ದಿನ ಒಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು.

ಜೋಳಿಗೆಯಿಂದ ಒಂದು ಬಿಳಿ ಕಾಗದ ತೆಗೆದು ಕಟ್ಟೆಯ ಮೇಲೆ ಒತ್ತಿದರು. ಎತ್ತಿದಾಗ ಕಾಗದದ ನಡುವೆ ಹತ್ತು ಇತ್ತು.

ಆಮೇಲೆ ಕಿಟಕಿಯಿಂದ ಕೆಳಗೆ ನೋಡಿದರು. ಹೋಟೆಲಿನ ಹಿಂಗೋಡೆಗೂ ಸೈಟಿನ ಗೋದಾಮಿಗೂ ನಡುವೆ ಎರಡು ಮಾರು ಅಗಲದ ಸಂದು. ಬೇಲಿಯ ಒಳಗಿನದೇ ಅದು, ಆದರೆ ಅಲ್ಲಿ ಯಾವ ಯಂತ್ರವೂ ಇಲ್ಲವಾದ್ದರಿಂದ ರಾಯರು ಒಂದು ದಿನವೂ ಆ ಕಡೆ ಹೋದವರಲ್ಲ. ಗೋದಾಮಿನ ಗೋಡೆಗೆ ಕಂಪ್ರೆಸರಿನ ಗಾಳಿಯ ಪೈಪನ್ನು ಸುತ್ತಿ ನೇತುಹಾಕಿದ್ದರು. ಪೈಪಿನ ಎದುರಿನ ತಗಡಿನ ಮೇಲೆ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಕಪ್ಪು ಕಲೆ. ನವಿಲುಗರಿ ಕೆದರಿದ ಹಾಗೆ ಅದು ಮೇಲೆ ಮೇಲೆ ಹರಡುತ್ತ ಕಿಟಕಿಯವರೆಗೂ ಬಂದಿತ್ತು.

“ರಾಯ್ರೆ, ಎಂತ ಕಾಣ್ತದೆ?” ಎಂದಳು ರತ್ನಾವತಿ.

“ಬಂದು ಹೇಳ್ತೀನಮ್ಮ,” ಎಂದು ಇಳಿದು ಹೋದರು.

ಗಿರಿಧರ್ ಕ್ಯಾಬಿನ್ನಿನಲ್ಲಿ ಎದ್ದು ನಿಂತು ಕೈ ಮುಗಿದ. “ಪಾರಣೆ ಆಯ್ತಾ ಸಾರ್?”

“ಫಿಲ್ಟರ್ ಎಲ್ಲಿ ಕ್ಲೀನ್ ಮಾಡಿಸ್ತೀಯಪ್ಪ?”

“ಯಾಕ್ ಸಾರ್, ರೀಡಿಂಗು ಜಾಸ್ತಿ ಬಂತಾ?”

“ಇಲ್ಲ. ಎಲ್ಲಿ ಅಂತ ಕೇಳ್ದೆ.”

ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂಬಂತೆ ಹೇಳಿದ. “ಮೊದಲ್ನೇ ಸಲ ಮಣಲಿಗೇ ಕಳಿಸಿದ್ವಿ ಸಾರ್. ಮೂರು ದಿನ ಇಟ್ಕೊಂಡ್ರು. ಮೂರು ದಿನ ನಾಲ್ಕು ಮಿಷಿನ್ ನಿಂತ್ರೆ ನಮ್ಮೋರು ನನ್ನನ್ನ ಊರಿಗೆ ಕಳಿಸ್ತಾರೆ. ಆಮೇಲಿಂದ ಹಿಂದುಗಡೆ ಸಂದೀಲಿ ಇಟ್ಟು ಕಂಪ್ರೆಸರ್ ಗಾಳೀಲಿ ಊದಿಸ್ತೀವಿ. ಒಂದೊಂದಕ್ಕೆ ಅರ್ಧ ಗಂಟೆ. ಊಟ ಮುಗಿಸಿ ಶುರು ಮಾಡಿದ್ರೆ ನಾಲ್ಕಕ್ಕೆಲ್ಲ ಮುಗೀತದೆ. ಸಖತ್ತಾಗಿ ಕ್ಲೀನ್ ಆಗುತ್ತೆ ಸಾರ್, ನಿಮ್ ಬುಕ್ಕೇ ಹೇಳುತ್ತಲ್ಲ.”

“ಸಂದೀಲಿ.”

“ರೋಡ್ ಕಡೆ ಊದಿದ್ರೆ ಜನ ಬೈತಾರೆ ಸಾರ್. ಅಲ್ಲಿ ಯಾರೂ ಓಡಾಡಲ್ಲ.”

“ಮೇಲೆ ಕಿಟಕಿ ಇದೆ.”

ಗಿರಿಧರನ ಮುಖ ಸಣ್ಣದಾಯಿತು. “ಊದಿಸೋದು ಹುಡುಗರು ಸಾರ್, ನಾನು ಹೋದಾಗೆಲ್ಲ ಮುಚ್ಚೇ ಇರೋದು ಅದು. ಬೇರೆ ದಿನ ಯಾರೂ ಕಾಣಲ್ಲ ಅಲ್ಲಿ.” ಆಮೇಲೆ, ತಪ್ಪು ತನ್ನೊಬ್ಬನ ಮೇಲೆ ಬೀಳಬಾರದೆಂದೋ ಏನೋ, ಕ್ಯಾಲೆಂಡರಿನ ಹಸಿರು ಸುತ್ತುಗಳ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದ. “ದಿನ ನೀವೇ ಹೇಳಿದ್ದಲ್ವಾ ಸಾರ್. ನೀವು ಬರದ ದಿನ ಮಾಡ್ಕೊಳ್ಳಿ ಅಂತ. ಭಾನುವಾರ ಬಿಟ್ರೆ ನಾನು ಒಂದು ಏಕಾದಶೀನೂ ತಪ್ಪಿಸಿಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ಎರಡು ವಾರ ನಾಲ್ಕು ಯಂತ್ರಗಳು ಉಗುಳಿದ ಮಸಿ ಊರ ಮೇಲೆಲ್ಲ ತೆಳ್ಳಗೆ ಹರಡಿ ಹೋಗಬೇಕಾದದ್ದು. ಅದನ್ನು ಒಂದು ಹುಡಿಯೂ ಹೊರಗೆ ಹೋಗದ ಹಾಗೆ ಕಾದು, ಕೂಡಿಸಿ, ಒಂದು ಮಧ್ಯಾಹ್ನ ಒಂದು ಕಿಟಕಿಯ ಕೆಳಗೆ ತಂದು ಸುರಿದಂತಾಗಿತ್ತು. ಆ ದಿನವನ್ನು ಗೊತ್ತು ಮಾಡಿದ್ದು ತಮ್ಮ ಉಪವಾಸ. ಅವಳನ್ನು ಆ ದಿನ ಆ ಕಿಟಕಿಗೆ ಕೂರಿಸಿದ್ದು ಅವಳ ಉಪವಾಸ. ಪುಸ್ತಕ ಅಷ್ಟು ಬೆಳ್ಳಗಿದ್ದದ್ದು ಹೀಗೆ.

ತಿರುಗಿ ಮೇಲೆ ಹೋಗಿ ಎಲ್ಲವನ್ನೂ ಹೇಳಿದರು. ತಾವು ಗಿರಿಧರನಿಗೆ ಹೇಳಿದ ಮಾತನ್ನೂ ಬಿಡಲಿಲ್ಲ. ಭಟ್ಟರು ಬಾಗಿಲಿಗೆ ಒರಗಿ ನಿಂತು ಕೇಳಿ, “ಇಷ್ಟು ದಿನ ನಾನು ಇವಳನ್ನು ಬೈದದ್ದು,” ಎಂದು ಅಷ್ಟಕ್ಕೇ ನಿಲ್ಲಿಸಿ ಕೆಳಗೆ ಇಳಿದು ಹೋದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿ ಕೇಳಿಸಿತು.

ರತ್ನಾವತಿ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. ಅವಳು ಬೈದರೆ ಸಾಕು ಎಂದು ರಾಯರು ಕಾದರು. ಅವಳು ಕೇಳಿದ ಪ್ರಶ್ನೆ ಬೇರೆ.

“ಹಾಗಾದ್ರೆ ನಾನು ಉಪವಾಸ ಬಿಟ್ಟದ್ದು ಸುಮ್ಮನೆ ಅಲ್ವಾ ರಾಯ್ರೆ?”

ರಾಯರು ಪಕ್ಕದ ಸ್ತೋತ್ರದ ಪುಸ್ತಕವನ್ನು ಮುಚ್ಚಿಟ್ಟರು.

“ಅತ್ತೆಗೆ ಎಂತ ಹೇಳುದು ಅಂತ ಯೋಚನೆ ಮಾಡ್ತಾ ಇದ್ದೆ ನಿನ್ನೆ, ಗಂಜಿ ಎದುರಿಗಿಟ್ಟುಕೊಂಡು. ಕಾಯಿಲೆ, ಅದ್ಕೇ ಬಿಟ್ಟೆ ಅಂತ ಹೇಳ್ಬಹುದು ಅಂದ್ಕೊಂಡೆ. ಈಗ ಅದೂ ಹೋಯ್ತು.” ಜಾರಿದ ದಿಂಬನ್ನು ಎಳೆದುಕೊಂಡಳು. “ಇನ್ನು ಹಿಡೀಲಿಕ್ಕೂ ಆಗುದಿಲ್ಲ. ಮೂರು ಹೊತ್ತು ಮಾತ್ರೆ, ಊಟದ ಮೇಲೆಯೇ ಆಗ್ಬೇಕಂತೆ. ಸಾಯುವವರೆಗೂ.”

“ಅಮ್ಮ, ನನ್ನದೂ ಬಿಡ್ತೀನಿ.”

“ಎಂತಕ್ಕೆ? ನಿಮ್ಮದು ಬಿಟ್ಟರೆ ನನ್ನ ದಮ್ಮು ಬರ್ತದಾ?” ಎಂದು ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ರಾಯರು ಮಣೆಯ ತುದಿ ಹಿಡಿದುಕೊಂಡು ಕುಳಿತಿದ್ದರು.

ಲ್ಯಾಬಿನಲ್ಲಿ ರಾಯರ ಮೇಲಿನವರು ಕಪ್ಪು ಕಾಗದವನ್ನು ನೋಡಿ, ಬೇಸರಪಟ್ಟು, ನಮ್ಮ ಕೆಲಸ ಸೈಲೆನ್ಸರಿನ ಬಾಯಿಯವರೆಗೆ ಸಾರ್, ಕಿಟಕಿಗೆ ನಮ್ಮಲ್ಲಿ ಅಂಕಣವೇ ಇಲ್ಲ ಎಂದರು. ಆದರೂ ಒಂದು ಕಾಗದ ಬರೆದರು. ಇನ್ನು ಮುಂದೆ ಫಿಲ್ಟರುಗಳು ವರ್ಕ್‌ಶಾಪಿಗೇ ಹೋಗಬೇಕು, ಬದಲಿ ಫಿಲ್ಟರ್ ಒಂದು ಜೊತೆ ಇಟ್ಟುಕೊಳ್ಳಬೇಕು ಎಂದು. ಕಟ್ಟಡದವರು ತಕರಾರಿಲ್ಲದೆ ಒಪ್ಪಿದರು. ಮೊದಲೇ ಹೇಳಿದ್ದರೆ ಮೊದಲೇ ಮಾಡುತ್ತಿದ್ದೆವಲ್ಲ ಎಂದರು. ಅದೇ ತಿಂಗಳು ಆರು ತಿಂಗಳ ವರದಿಯೂ ಹೋಯಿತು: ನಾಲ್ಕೂ ಯಂತ್ರದಲ್ಲಿ ಮಸಿ ನೂರಕ್ಕೆ ತೊಂಬತ್ತರಷ್ಟು ಕಡಿಮೆ. ರಾಯರ ಹೆಸರನ್ನು ವರದಿಯ ಕೊನೆಗೆ ಹಾಕಿದ್ದರು. ಅದನ್ನು ಮನೆಯಲ್ಲಿ ಹೆಂಡತಿ ವೃಂದಾಳಿಗೂ ಅವರು ತೋರಿಸಲಿಲ್ಲ.

ಪುಸ್ತಕದಲ್ಲಿ ಏಕಾದಶಿಯ ಚೌಕಗಳು ಖಾಲಿ ಇದ್ದವಲ್ಲ, ಆ ಬುಧವಾರದ ಚೌಕದಲ್ಲಿ ಕಿಟಕಿಯ ಕಾಗದವನ್ನು ಅಂಟಿಸಿದರು. ಪುಸ್ತಕ ಮುಚ್ಚಿದರೆ ಆ ಕಪ್ಪು ಎದುರಿನ ಪುಟಕ್ಕೂ ಹತ್ತುತ್ತಿತ್ತು.

ಮತ್ತೆ ಏಕಾದಶಿ ಬಂತು. “ಇವತ್ತು ಎಲ್ಲಿಗೆ ಹೊರಟಿದೀರಿ, ನೀರೂ ಕುಡಿದಿಲ್ಲ,” ಎಂದಳು ವೃಂದಾ. ರಾಯರು ಚಪ್ಪಲಿ ಮೆಟ್ಟಿದರು. ಸೈಟಿಗೆ ಹೋಗಿ ಹಿಂದಿನ ಸಂದಿನಲ್ಲಿ ಒಂದು ಪೇಂಟಿನ ಡಬ್ಬ ಬೋರಲು ಹಾಕಿಕೊಂಡು ಕುಳಿತರು. ತಗಡಿನ ಮೇಲಿನ ಕಲೆಯನ್ನು ಗಿರಿಧರ್ ತೊಳೆಸಿದ್ದ, ಪೂರಾ ಹೋಗಿರಲಿಲ್ಲ. ಗಾಳಿಯ ಪೈಪನ್ನು ತೆಗೆಸಿದ್ದ. ರಾಯರು ಕಿಟಕಿಯ ನೇರಕ್ಕೆ ತಗಡಿಗೆ ಒಂದು ಹೊಸ ಬಿಳಿ ಕಾಗದವನ್ನು ಪಿನ್ನಿನಿಂದ ಚುಚ್ಚಿದರು. ಹನ್ನೊಂದು ಗಂಟೆಗೆ ಗಿರಿಧರ್ ಬಂದು ಕುರ್ಚಿ ಇಟ್ಟ, ಅವರು ಕೂರಲಿಲ್ಲ. ಕೊಡೆ ತಂದು ಗೋಡೆಗೆ ಒರಗಿಸಿ ಹೋದ.

“ಯಾರೂ ಇಲ್ಲಿ ಏನೂ ಊದಲ್ಲ ಸಾರ್. ನೀವು ಮನೆಗೆ ಹೋಗಿ. ಬಿದ್ದುಗಿದ್ದೀರ.”

“ಪರವಾಯಿಲ್ಲ ಬಿಡಪ್ಪ.”

ಮಧ್ಯಾಹ್ನ ತಿರುಗಿತು. ಯಂತ್ರಗಳು ಬೇಲಿಯ ಆಚೆ ತುದಿಯಲ್ಲಿ ಮುಲುಕುತ್ತಿದ್ದವು, ಹೊಗೆಯ ಬಣ್ಣವೇ ಕಾಣದ ಹಾಗೆ. ಸಂದಿನಲ್ಲಿ ಗಾಳಿ ಅಲ್ಲಾಡಲಿಲ್ಲ. ರಾಯರ ನಾಲಗೆ ಅಂಗುಳಿಗೆ ಅಂಟಿತ್ತು. ಮೇಲಿನ ಕಿಟಕಿ ಮುಚ್ಚಿತ್ತು, ಸಂದಿಗಳಿಗೆ ಭಟ್ಟರು ಹಳೇ ಬಟ್ಟೆ ತುರುಕಿ ಭದ್ರ ಮಾಡಿದ್ದರು. ಅವಳು ಇವತ್ತು ಉಂಡಿರುತ್ತಾಳೆ, ಮಾತ್ರೆ ನುಂಗಿರುತ್ತಾಳೆ, ಮುಂದಿನ ಕೋಣೆಯಲ್ಲಿ ಮಲಗಿರುತ್ತಾಳೆ ಎಂದು ರಾಯರು ಲೆಕ್ಕ ಹಾಕಿದರು. ಈ ಒಂದು ದಿನ ದಾಟಿದರೆ ಸಾಕು ಎಂದುಕೊಂಡರು.

ನಾಲ್ಕು ಗಂಟೆಗೆ ಎದ್ದು, ತಗಡಿನಿಂದ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಒಂದು ಚುಕ್ಕೆ ಇರಲಿಲ್ಲ. ಡಬ್ಬದ ಮೇಲೆ ಪುಸ್ತಕ ಬಿಚ್ಚಿ, ಕಾಗದವನ್ನು ಇವತ್ತಿನ ಚೌಕದಲ್ಲಿ ಅಂಟಿಸಿ, ಪೆನ್ನು ತೆರೆದು ತಾರೀಖು ಹಾಕಿದರು.

ಆಗ ಮೇಲೆ, ಬಟ್ಟೆ ತುರುಕಿದ ಕಿಟಕಿಯ ಆಚೆಗೆ, ಕೆಮ್ಮು ಶುರುವಾಯಿತು. ಮೊದಲು ಒಂದು, ಆಮೇಲೆ ಬಿಡದೆ. ಭಟ್ಟರು ಮೆಟ್ಟಿಲು ಹತ್ತುವ ಸದ್ದು, ಯಾವುದೋ ಬಾಗಿಲು ತೆರೆದ ಸದ್ದು ಕೇಳಿಸಿತು. ರಾಯರು ಸಂದಿನ ಗಾಳಿಯನ್ನು ಮೂಗಿನಿಂದ ಎಳೆದು ನೋಡಿದರು. ಬಿಸಿಲಿಗೆ ಕಾದ ತಗಡಿನ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

ಕೆಮ್ಮು ನಿಲ್ಲಲೆಂದು ಕಾದರು. ನಿಲ್ಲಲಿಲ್ಲ. ಕಾದಷ್ಟು ಹೊತ್ತು ಪೆನ್ನಿನ ತುದಿ ಒಣಗಿತು. ಅದನ್ನು ಅಂಗೈಯಲ್ಲಿ ಒಮ್ಮೆ ತೀಡಿ, ಬಿಳಿಯ ಕಾಗದದ ಕೆಳಗೆ, ಎಂದಿನಂತೆ ಗುಂಡಗೆ, ಸೊನ್ನೆ ಎಂದು ಬರೆದರು.